ಕೊಡಗಿನಲ್ಲಿ ಫೋಟೊಗ್ರಫಿ ಕಲಿಯುವುದು: ತೋಟ, ಮಂಜು, ಮಳೆಯ ನಡುವೆ ಕೈ ಪಳಗಿಸುವ ಬಗೆ

ಕೊಡಗಿನಲ್ಲಿ ಕೆಟ್ಟ ಫೋಟೊ ತೆಗೆಯುವುದು ಕಷ್ಟ. ಬೆಳಿಗ್ಗೆ ಜೀಪು ಹತ್ತಿ ಮಾಂದಲಪಟ್ಟಿಗೆ ಹೋಗಿ ಫೋನ್ ಎತ್ತಿ ಹಿಡಿದರೆ ಸಾಕು. ಬೆಟ್ಟದ ಸಾಲು, ಕೆಳಗೆ ಮಂಜು, ಮೇಲೆ ಕೆಂಪು ಆಕಾಶ, ಎಲ್ಲ ತಾನಾಗಿಯೇ ಬಂದು ಕೂರುತ್ತವೆ. ನೋಡಿದವರೆಲ್ಲ 'ಸೂಪರ್' ಅನ್ನುತ್ತಾರೆ. ಆ ಸೂಪರ್ ಸಲ್ಲಬೇಕಾದದ್ದು ಬೆಟ್ಟಕ್ಕೆ. ನಾವು ಅದನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಫೋಟೊಗ್ರಫಿ ಕಲಿಯುವವರಿಗೆ ಇಲ್ಲಿರುವ ದೊಡ್ಡ ತೊಡಕೇ ಇದು.

ವರ್ಷಗಟ್ಟಲೆ ರಾಜಾಸೀಟ್, ಅಬ್ಬಿ, ತಲಕಾವೇರಿ ಅಂತ ಸುತ್ತಿದವರನ್ನು ನೋಡಿ. ಕ್ಯಾಮೆರಾ ಬದಲಾಗಿರುತ್ತದೆ, ಲೆನ್ಸ್ ಉದ್ದವಾಗಿರುತ್ತದೆ, ಚಿತ್ರ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ನನ್ನ ಸಲಹೆ ಸ್ವಲ್ಪ ಉಲ್ಟಾ. ಕೈ ಪಳಗುವ ತನಕ ವ್ಯೂ ಪಾಯಿಂಟ್‌ಗಳ ಸಹವಾಸ ಬಿಡಿ. ಮನೆ ಹಿಂದಿನ ತೋಟ, ಕಾಫಿ ಒಣಗಿಸುವ ಕಣ, ಗದ್ದೆ ಬದು, ಮಡಿಕೇರಿಯ ಶುಕ್ರವಾರದ ಸಂತೆ, ಇಷ್ಟು ಸಾಕು. ಇಲ್ಲಿ ಚಿತ್ರ ಚೆನ್ನಾಗಿ ಬಂದರೆ ಅದು ನೀವು ಮಾಡಿದ್ದು ಅಂತ ಧೈರ್ಯವಾಗಿ ಹೇಳಬಹುದು. ತೋಟ ಇಲ್ಲದವರಿಗೆ ಬಸ್ ಸ್ಟ್ಯಾಂಡ್ ಆದರೂ ನಡೆಯುತ್ತದೆ.

ಹೆಜ್ಜೆ 1: ಕೈಯಲ್ಲಿರುವುದರಿಂದಲೇ ಶುರು ಮಾಡಿ

ಮೊದಲ ಆರು ತಿಂಗಳಿಗೆ ಫೋನ್ ಸಾಕು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಬೆಳಕು ನೋಡುವುದು, ಚೌಕಟ್ಟು ಕಟ್ಟುವುದು, ಬೇಡದ್ದನ್ನು ಬಿಡುವುದು, ಈ ಮೂರಕ್ಕೂ ದುಬಾರಿ ಕ್ಯಾಮೆರಾ ಬೇಕಿಲ್ಲ. ಫೋನಿನಲ್ಲಿ ಎರಡು ಅಭ್ಯಾಸ ಮಾಡಿಕೊಳ್ಳಿ. ತೆಗೆಯುವ ಮೊದಲು ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ. ಆಮೇಲೆ ಪರದೆ ಮೇಲೆ ಬೇಕಾದ ಜಾಗವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದು ನೋಡಿ. ಬೆರಳಿನಿಂದ ಹಿಗ್ಗಿಸುವ ಜೂಮ್ ಬೇಡ, ನಾಲ್ಕು ಹೆಜ್ಜೆ ನಡೆದು ಹತ್ತಿರ ಹೋಗಿ.

ಕ್ಯಾಮೆರಾ ಕೊಳ್ಳಲೇಬೇಕು ಅಂದರೆ ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಮತ್ತು 50 ಮಿಮೀ ಎಫ್/1.8 ಲೆನ್ಸ್ ಒಳ್ಳೆಯ ಜೋಡಿ. ಮಿಮೀ ಹೆಚ್ಚಿದಷ್ಟೂ ಲೆನ್ಸ್ ದೂರದ್ದನ್ನು ಹತ್ತಿರ ತರುತ್ತದೆ, ಎಫ್ ಅಂದರೇನು ಅನ್ನುವುದು ಎರಡನೇ ಹೆಜ್ಜೆಯಲ್ಲಿ ಬರುತ್ತದೆ. ಜೂಮ್ ಇಲ್ಲದ ಲೆನ್ಸ್ ನಿಮ್ಮನ್ನು ನಡೆಸುತ್ತದೆ, ನಡೆದಷ್ಟೂ ಕೋನ ಸಿಗುತ್ತದೆ. ಹಳೆಯ ಲೆನ್ಸ್ ತೆಗೆದುಕೊಳ್ಳುವಾಗ ಟಾರ್ಚ್ ಬೆಳಕನ್ನು ಗಾಜಿನೊಳಕ್ಕೆ ಓರೆಯಾಗಿ ಬಿಟ್ಟು ನೋಡಿ. ಒಳಗೆ ಬಲೆಯಂಥ ತೆಳು ಎಳೆಗಳು ಕಂಡರೆ ಅದು ಫಂಗಸ್. ಬೆಲೆ ಎಷ್ಟೇ ಇಳಿಸಲಿ, ಕೊಳ್ಳಬೇಡಿ.

ಫಂಗಸ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಇದು ಕೊಡಗಿನ ಕಾಯಿಲೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬೆಲ್ಟಿಗೆ, ಚಪ್ಪಲಿಗೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಲೆನ್ಸ್ ಏನು ಬೇರೆಯೇ? ಗಾಳಿಯ ತೇವಾಂಶ ತುಂಬ ದಿನ ಶೇಕಡ 60 ದಾಟಿಯೇ ಇದ್ದರೆ ಫಂಗಸ್‌ಗೆ ಹಬ್ಬ. ಕ್ಯಾಮೆರಾ ಬ್ಯಾಗ್ ಅನ್ನೋದು ಓಡಾಟಕ್ಕೆ, ಇಡುವುದಕ್ಕಲ್ಲ. ಅದರ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತನ್ನಿ. ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಚಿಕ್ಕ ಮೀಟರ್ ಇಡಿ. ಮುಳ್ಳು 40ರಿಂದ 50ರ ನಡುವೆ ಇರಲಿ. ಅದಕ್ಕಿಂತ ತೀರಾ ಒಣಗಿಸುವುದೂ ಒಳ್ಳೆಯದಲ್ಲ, ರಬ್ಬರ್ ಭಾಗಗಳು ಹಾಳಾಗುತ್ತವೆ. ಜೆಲ್ ಬಣ್ಣ ತಿರುಗಿದಾಗ ಪೊಟ್ಟಣದ ಮೇಲೆ ಬರೆದಷ್ಟು ಬಿಸಿಯಲ್ಲಿ ಒಣಗಿಸಿದರೆ ಮತ್ತೆ ಬಳಸಬಹುದು. ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯ ಬೇಡ, ಅಕ್ಕಿ ಹುಡಿ ಸಂದುಗಳಿಗೆ ಸೇರುತ್ತದೆ. ಒಲೆ ಮೇಲಿನ ಅಟ್ಟವಂತೂ ಬೇಡವೇ ಬೇಡ, ಹೊಗೆ ಲೆನ್ಸಿಗೆ ಆಗಿಬರುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯ ಮದ್ದು ಅಂದರೆ ಕ್ಯಾಮೆರಾವನ್ನು ಬಳಸುತ್ತಲೇ ಇರುವುದು. ಬೀರುವಿನಲ್ಲಿ ಮಲಗಿದ ಲೆನ್ಸಿಗೇ ಫಂಗಸ್ ಬೇಗ ಹತ್ತುವುದು.

ಇನ್ನೊಂದು ಮಾತು. ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮೇಲೆ ನೀರಾವಿ ಕೂರುತ್ತದೆ. ಇಳಿಯುವ ಹದಿನೈದು ನಿಮಿಷ ಮೊದಲೇ ಎಸಿ ಆರಿಸಿ ಕಿಟಕಿ ತೆರೆಯಿರಿ. ಚಳಿಗಾಲದ ಬೆಳಿಗ್ಗೆ ಹೊರಗೆ ಸುತ್ತಿ ಬಂದು ಬೆಚ್ಚಗಿನ ಅಡುಗೆ ಮನೆಗೆ ಹೋಗುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ನೀರು ಕವರಿನ ಹೊರಗೆ ಕೂರಲಿ.

ಹೆಜ್ಜೆ 2: ಮೂರು ಹಿಡಿಕೆಗಳನ್ನು ತೋಟದಲ್ಲೇ ಕಲಿಯಿರಿ

ಅಪರ್ಚರ್, ಶಟರ್, ಐಎಸ್‌ಒ. ಚಿತ್ರಕ್ಕೆ ಎಷ್ಟು ಬೆಳಕು ಅನ್ನುವುದನ್ನು ಈ ಮೂರು ಸೇರಿ ತೀರ್ಮಾನ ಮಾಡುತ್ತವೆ. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಗಲ (ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಶಟರ್ ಅಂದರೆ ಬೆಳಕು ಒಳಗೆ ಬೀಳುವ ಹೊತ್ತು, ಐಎಸ್‌ಒ ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಅನ್ನುವುದು. ಒಂದೊಂದಕ್ಕೂ ಒಂದು ಬೇರೆ ಪರಿಣಾಮ ಇದೆ. ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ, ಒಂದೊಂದನ್ನೇ ಕೈಯಲ್ಲಿ ಆಡಿಸಿ ನೋಡಬೇಕು.

ಶಟರ್‌ಗೆ ಕಾಫಿ ಕಣ ಒಳ್ಳೆಯ ಶಾಲೆ. ಜನವರಿ, ಫೆಬ್ರವರಿಯಲ್ಲಿ ಎಲ್ಲ ಕಡೆ ಕಾಫಿ ಹರವಿರುತ್ತಾರೆ. ಯಾರಾದರೂ ಗೋರೆಯಿಂದ ಕಾಫಿ ಎಳೆಯುತ್ತಿರುವಾಗ 1/1000 ಸೆಕೆಂಡಿಗೆ ಇಟ್ಟು ತೆಗೆಯಿರಿ. ಹಾರುವ ಕಾಯಿಗಳು ಗಾಳಿಯಲ್ಲಿ ನಿಲ್ಲುತ್ತವೆ. ಅದೇ ಜಾಗದಿಂದ 1/60, 1/15, 1/4 ಅಂತ ಇಳಿಸುತ್ತ ಹೋಗಿ. ಕೈ ಮಸುಕಾಗುತ್ತದೆ, ಮುಖ ಮಸುಕಾಗುತ್ತದೆ, ಕ್ಯಾಮೆರಾ ಅಲುಗದಿದ್ದರೆ ಕೊನೆಗೆ ನೆಲ ಮಾತ್ರ ಸ್ಪಷ್ಟವಾಗಿ ಉಳಿಯುತ್ತದೆ. 1/15ರಲ್ಲಿ ನಿಮ್ಮ ಕೈ ನಡುಕವೂ ಸೇರಿರುತ್ತದೆ. ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ಒಂದು ಅಂದಾಜು ಇದೆ: ಲೆನ್ಸ್ 50 ಮಿಮೀ ಆದರೆ ಶಟರ್ 1/50ಕ್ಕಿಂತ ನಿಧಾನ ಆಗಬಾರದು, 200 ಆದರೆ 1/200. ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಿಪ್) ಚಿಕ್ಕದಾದರೆ ಇನ್ನೂ ಸ್ವಲ್ಪ ವೇಗ ಬೇಕು.

ಅಪರ್ಚರ್‌ಗೆ ಕರಿಮೆಣಸಿನ ಬಳ್ಳಿ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯ ಒಂದು ಗೊನೆಗೆ ಹತ್ತಿರ ಹೋಗಿ ಎಫ್/1.8ರಲ್ಲಿ ತೆಗೆಯಿರಿ. ನಾಲ್ಕು ಕಾಳು ಸ್ಪಷ್ಟ, ಮಿಕ್ಕಿದ್ದೆಲ್ಲ ಹಸಿರು ಮಸುಕು. ಎಫ್/8ಕ್ಕೆ ಹೋದರೆ ಗೊನೆ ಪೂರ್ತಿ ಕಾಣುತ್ತದೆ, ಹಿಂದಿನ ಮರದ ಗುರುತೂ ಸಿಗುತ್ತದೆ. ಹೊಸದಾಗಿ 1.8 ಲೆನ್ಸ್ ಕೊಂಡವರೆಲ್ಲ ಎಲ್ಲವನ್ನೂ 1.8ರಲ್ಲೇ ತೆಗೆಯುತ್ತಾರೆ. ಆ ಹುಚ್ಚು ಒಂದೆರಡು ತಿಂಗಳಲ್ಲಿ ಇಳಿಯಲಿ. ಹಿನ್ನೆಲೆ ಪೂರ್ತಿ ಕರಗಿಹೋದರೆ ಆ ಮೆಣಸು ಕೊಡಗಿನದೋ ಕುಂಡದ್ದೋ ಗೊತ್ತಾಗುವುದಿಲ್ಲ. ಫೋನಿನಲ್ಲಿ ಸಾಮಾನ್ಯವಾಗಿ ಅಪರ್ಚರ್ ಬದಲಾಗುವುದಿಲ್ಲ. ಅದರ ಪೋರ್ಟ್ರೇಟ್ ಮೋಡ್ ಲೆಕ್ಕ ಹಾಕಿ ಮಸುಕು ಮಾಡುತ್ತದೆ, ಎಲೆಗಳ ಅಂಚಿನಲ್ಲಿ ಸಿಕ್ಕಿಬೀಳುತ್ತದೆ.

ಐಎಸ್‌ಒ ಕಲಿಯಲು ಮನೆಯೊಳಗೆ ಬನ್ನಿ. ಹಳೆಯ ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ನಡುಮನೆ ಹಗಲಿನಲ್ಲೂ ಕತ್ತಲು. ಐಎಸ್‌ಒ 100ರಲ್ಲಿ ಶಟರ್ ತೆವಳುತ್ತದೆ, ಚಿತ್ರ ಅಲುಗುತ್ತದೆ. 3200ಕ್ಕೆ ಏರಿಸಿದರೆ ಕಾಳು ಕಾಳು ಕಾಣುತ್ತದೆ, ಆದರೆ ಮುಖ ಸ್ಪಷ್ಟ ಇರುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಕಾಳನ್ನೇ ಆರಿಸಿ. ಅಲುಗಿದ ಮುಖವನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ಸರಿಮಾಡುವುದಿಲ್ಲ.

ಲೆಕ್ಕಕ್ಕೆ ಒಂದು ಅಳತೆ ನೆನಪಿಡಿ. ಮಧ್ಯಾಹ್ನದ ಬಿಸಿಲಿನ ಕಣದಲ್ಲಿ ಐಎಸ್‌ಒ 100, ಎಫ್/16, 1/100 ಸರಿಹೋಗುತ್ತದೆ. ಮೋಡ ಕವಿದ ದಿನ ದಟ್ಟ ರೋಬಸ್ಟಾ ತೋಟದೊಳಗೆ ಹೋದರೆ ಐಎಸ್‌ಒ 400, ಎಫ್/4, 1/60 ಬೇಕಾಗಬಹುದು. ಲೆಕ್ಕ ಹಾಕಿದರೆ ಅಲ್ಲಿನ ಬೆಳಕು ಕಣದ ಬೆಳಕಿನ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಕಣ್ಣು ಇದನ್ನು ಹೊಂದಿಸಿಕೊಂಡುಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಹೆಜ್ಜೆ 3: ಕ್ಯಾಮೆರಾ ಮೋಸಹೋಗುವ ಜಾಗಗಳನ್ನು ಗುರುತಿಸಿ

ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್‌ಗೆ ಬಿಳಿ ಕಪ್ಪು ಗೊತ್ತಿಲ್ಲ. ಮುಂದೆ ಏನೇ ಇದ್ದರೂ ಅದನ್ನು ಮಧ್ಯಮ ಬೂದು ಮಾಡಲು ನೋಡುತ್ತದೆ. ಬೇರೆ ಊರಿನವರಿಗೆ ಇದು ಅಪರೂಪದ ತೊಂದರೆ ಇರಬಹುದು. ನಮಗೆ ದಿನಾ.

ಮಂಜು ಬಿಳಿ. ಕ್ಯಾಮೆರಾ ಅದನ್ನು ಬೂದು ಮಾಡಿ ಕೊಡುತ್ತದೆ, ಚಿತ್ರ ಮಂಕಾಗುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನುವ ಪ್ಲಸ್ ಮೈನಸ್ ಬಟನ್ ಹುಡುಕಿ ಪ್ಲಸ್ 1ರ ಆಸುಪಾಸಿಗೆ ಇಡಿ. ಕಾಫಿ ಹೂವಿಗೂ ಹಾಗೆಯೇ, ಆದರೆ ಹುಷಾರಾಗಿ. ಹೂವು ಚೌಕಟ್ಟು ತುಂಬಿದ್ದರೆ ಪ್ಲಸ್. ಕಪ್ಪು ಹಸಿರಿನ ನಡುವೆ ಒಂದೇ ಕೊಂಬೆ ಹೂವಿದ್ದರೆ ಮೈನಸ್, ಇಲ್ಲದಿದ್ದರೆ ಎಸಳು ಸುಟ್ಟು ಬಿಳಿ ಮಚ್ಚೆ ಆಗುತ್ತದೆ.

ಅಭ್ಯಾಸಕ್ಕೆ ಕೊಡವ ಮದುವೆಗಿಂತ ಕಠಿಣ ಪರೀಕ್ಷೆ ಸಿಗಲಾರದು. ಮದುಮಗ ಬಿಳಿ ಕುಪ್ಯದಲ್ಲಿ (ಕೊಡವರ ಉದ್ದ ನಿಲುವಂಗಿ), ಪಕ್ಕದವರು ಕಪ್ಪು ಕುಪ್ಯದಲ್ಲಿ, ಸೊಂಟಕ್ಕೆ ಕೆಂಪು ರೇಷ್ಮೆ ಚೇಲೆ, ಅದರಲ್ಲಿ ಬೆಳ್ಳಿ ಹೊದಿಸಿದ ಪೀಚೆಕತ್ತಿ. ಕಪ್ಪು ಬಟ್ಟೆ ಜಾಸ್ತಿ ಇದ್ದರೆ ಕ್ಯಾಮೆರಾ ಬೆಳಕು ಏರಿಸುತ್ತದೆ, ಮದುಮಗನ ಕುಪ್ಯದ ಮಡಿಕೆಗಳೆಲ್ಲ ಮಾಯ. ಇಂಥಲ್ಲಿ ಬಿಳಿಗೆ ತಕ್ಕಂತೆ ಬೆಳಕು ಹೊಂದಿಸಿ, ಕಪ್ಪನ್ನು ಆಮೇಲೆ ಎಡಿಟಿಂಗ್‌ನಲ್ಲಿ ಸ್ವಲ್ಪ ಎತ್ತಿ. ಪರದೆ ಮೇಲಿನ ಹಿಸ್ಟೊಗ್ರಾಂ (ಚಿತ್ರದಲ್ಲಿ ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ಗುಡ್ಡದ ಹಾಗೆ ತೋರಿಸುವ ಗ್ರಾಫ್) ನೋಡುವುದು ಕಲಿಯಿರಿ. ಗುಡ್ಡ ಬಲಗಡೆ ಅಂಚಿಗೆ ಅಂಟಿ ಕಡಿದು ನಿಂತಿದ್ದರೆ ಬಿಳಿ ಕೈಬಿಟ್ಟುಹೋಗಿದೆ ಅಂತ ಅರ್ಥ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲು) ತೆಗೆದಿದ್ದರೆ ತುಸು ಉಳಿಸಬಹುದು, ಜೆಪೆಗ್ ಆದರೆ ಆಸೆ ಬಿಡಿ.

ಹೆಜ್ಜೆ 4: ಒಂದು ಜಾಗ ಹಿಡಿದು ವರ್ಷ ಪೂರ್ತಿ ತೆಗೆಯಿರಿ

ಈ ಬರಹದಲ್ಲಿ ಒಂದೇ ಹೆಜ್ಜೆ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ. ನಡೆದು ಹತ್ತು ನಿಮಿಷದಲ್ಲಿ ತಲುಪಬಹುದಾದ ಒಂದು ಎಕರೆ ಆರಿಸಿಕೊಳ್ಳಿ. ಒಂದು ಕೊಲ್ಲಿ (ಸಣ್ಣ ತೊರೆ), ನಾಲ್ಕು ನೆರಳಿನ ಮರ, ಸ್ವಲ್ಪ ಗದ್ದೆ ಇದ್ದರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ. ಮೊದಮೊದಲು ಎಲ್ಲ ಹೊಸದು. ಒಂದು ತಿಂಗಳಿಗೆ ಬೇಜಾರು ಬರುತ್ತದೆ, ತೆಗೆಯೋಕೆ ಏನೂ ಇಲ್ಲ ಅನಿಸುತ್ತದೆ. ನಿಜವಾದ ಕಲಿಕೆ ಅಲ್ಲಿಂದ ಶುರು.

ನಮ್ಮ ತೋಟ ವರ್ಷಕ್ಕೆ ಎಷ್ಟು ಸಲ ಬಟ್ಟೆ ಬದಲಿಸುತ್ತದೆ ನೋಡಿ. ನವೆಂಬರ್‌ನಿಂದ ಅರೇಬಿಕಾ ಹಣ್ಣು, ಜನವರಿ ಹೊತ್ತಿಗೆ ರೋಬಸ್ಟಾ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಹೂಮಳೆ ಬೀಳಬೇಕು. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮಳೆ ಬಿದ್ದ ದಿನವನ್ನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಹೂವಿನ ದಿನಕ್ಕೆ ತಯಾರಾಗಿರಬಹುದು. ಸ್ಪ್ರಿಂಕ್ಲರ್ ಹಾಕುವ ಪಕ್ಕದ ತೋಟ ಒಂದು ವಾರ ಮುಂಚೆ ಅರಳಿದರೂ ಅರಳೀತು. ಅರಳಿದ ಮೊದಲ ಬೆಳಿಗ್ಗೆಯೇ ಹೋಗಬೇಕು. ಮೂರನೇ ದಿನಕ್ಕೆ ಎಸಳಿನ ತುದಿ ಕಂದಿರುತ್ತದೆ, ದೂರದಿಂದ ಗೊತ್ತಾಗದಿದ್ದರೂ ಹತ್ತಿರದ ಚಿತ್ರದಲ್ಲಿ ಎದ್ದು ಕಾಣುತ್ತದೆ. ಬಿಸಿಲು ಏರುವ ಮೊದಲು ಗಾಳಿ ಕಡಿಮೆ, ಜೇನು ಇನ್ನೂ ನಿಧಾನ. ಎಫ್/8, 1/250, ಕೊಂಬೆಗೆ ಸಮನಾಗಿ ಕ್ಯಾಮೆರಾ. ಹೀಗೆ ಹಿಡಿದರೆ ಹೂವಿನ ಸಾಲು ಪೂರ್ತಿ ಫೋಕಸ್‌ನಲ್ಲಿರುತ್ತದೆ. ಓರೆಯಾಗಿ ನಿಂತರೆ ಒಂದು ಗಂಟು ಸ್ಪಷ್ಟ, ಮುಂದಿನದು ಮಸುಕು.

ಮುಂಗಾರಿಗೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದು. ಇದನ್ನು ಫೋಟೊ ತೆಗೆಯುವವರು ಅಷ್ಟಾಗಿ ಗಮನಿಸುವುದಿಲ್ಲ, ಆದರೆ ಬೆಳಕಿನ ದೃಷ್ಟಿಯಿಂದ ವರ್ಷದ ದೊಡ್ಡ ಬದಲಾವಣೆ ಇದೇ. ಏಪ್ರಿಲ್‌ನಲ್ಲಿ ಕತ್ತಲಾಗಿದ್ದ ಮೂಲೆಗೆ ಜೂನ್‌ನಲ್ಲಿ ಆಕಾಶ ಕಾಣುತ್ತದೆ. ಒಂದೇ ಗಿಡ, ಒಂದೇ ಕೋನ, ಬೆಳಕು ಮಾತ್ರ ಬೇರೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿದರೆ ಬೆಳಕು ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಜುಲೈಯಲ್ಲಿ ನಾಟಿ, ಕಕ್ಕಡ ಮಾಸ, ಜಡಿಮಳೆ. ಅಕ್ಟೋಬರ್‌ನಲ್ಲಿ ತೊಳೆದಿಟ್ಟ ಆಕಾಶ. ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಗದ್ದೆ ಹೊಂಬಣ್ಣ.

ಆ ಎಕರೆಯಲ್ಲಿ ಮಾಡಬೇಕಾದ ಒಂದು ಕಸರತ್ತು ಹೇಳುತ್ತೇನೆ. ಒಂದು ವಸ್ತು ಹಿಡಿಯಿರಿ. ಮೆಣಸು ಕೊಯ್ಯಲು ಮರಕ್ಕೆ ಒರಗಿಸಿದ ಬಿದಿರಿನ ಏಣಿ ಅಂತಿಟ್ಟುಕೊಳ್ಳಿ. ಅದರದೇ ಇಪ್ಪತ್ತು ಬೇರೆ ಬೇರೆ ಚಿತ್ರ ತೆಗೆಯದೆ ಮನೆಗೆ ಬರಬೇಡಿ. ಮೊದಲ ಐದು ಎಲ್ಲರೂ ತೆಗೆಯುವಂಥವು. ಹತ್ತರ ಹೊತ್ತಿಗೆ ತಲೆ ಖಾಲಿ. ಆಮೇಲೆ ಕೂರುತ್ತೀರಿ, ಮಲಗುತ್ತೀರಿ, ಏಣಿಯ ನೆರಳು ನೋಡುತ್ತೀರಿ, ಕಾಲು ಇಡುವ ಕಡೆ ಸವೆದು ಹೊಳೆಯುವ ಗೆಣ್ಣು ಕಾಣಿಸುತ್ತದೆ. ಹದಿನೈದರ ನಂತರ ಬಂದದ್ದರಲ್ಲಿ ಒಂದಾದರೂ ನಿಮ್ಮದೇ ಅನ್ನುವಂಥ ಚಿತ್ರ ಇರುತ್ತದೆ.

ಚೌಕಟ್ಟಿನ ಬಗ್ಗೆ ಜಾಸ್ತಿ ನಿಯಮ ಬೇಡ. ಮೂರು ಭಾಗದ ನಿಯಮ ಎಲ್ಲ ಕಡೆ ಸಿಗುತ್ತದೆ, ಓದಿಕೊಳ್ಳಿ. ಅದಕ್ಕಿಂತ ಉಪಯೋಗದ್ದು ಎಂದರೆ ಬಟನ್ ಒತ್ತುವ ಮೊದಲು ನಾಲ್ಕೂ ಅಂಚನ್ನು ಒಮ್ಮೆ ಸುತ್ತಿ ನೋಡುವುದು. ಅರ್ಧ ತುಂಡಾದ ಎಲೆ, ಕರೆಂಟ್ ತಂತಿ, ಪ್ಲಾಸ್ಟಿಕ್ ಕವರ್ ಎಲ್ಲ ಅಂಚಿನಲ್ಲೇ ಅಡಗಿರುತ್ತವೆ. ತೋಟದೊಳಗೆ ಹಿನ್ನೆಲೆ ಯಾವಾಗಲೂ ಗೋಜಲು. ಅರ್ಧ ಅಡಿ ಪಕ್ಕಕ್ಕೆ ಸರಿದರೆ ಹಿಂದಿನ ಬಿಳಿ ಕಾಂಡ ತಲೆ ಮೇಲಿಂದ ಆಚೆ ಹೋಗುತ್ತದೆ.

ಹೆಜ್ಜೆ 5: ಮಂಜು ಮತ್ತು ಮಳೆ

ಮಂಜಿನ ಚಿತ್ರ ಸಪ್ಪೆಯಾಗುವುದಕ್ಕೆ ಕಾರಣ ಬರೀ ಮಂಜನ್ನೇ ತೆಗೆಯುವುದು. ಹತ್ತಿರದಲ್ಲಿ ಕಪ್ಪಾಗಿ ಕಾಣುವ ಏನಾದರೊಂದು ಬೇಕು: ಮರದ ಕೊಂಬೆ, ಬೇಲಿಗೂಟ, ಹಸು. ಅದು ಕಪ್ಪು, ಅದರ ಹಿಂದಿನದು ಬೂದು, ಅದರ ಹಿಂದಿನದು ಇನ್ನೂ ತೆಳು. ಮೂರು ಪದರ ಸಿಕ್ಕರೆ ಆಳ ಬಂತು. ಉದ್ದ ಲೆನ್ಸ್ ಇದ್ದರೆ ಪದರಗಳು ಒತ್ತೊತ್ತಾಗಿ ಕೂರುತ್ತವೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. ಬೆಟ್ಟ ಅಡ್ಡ ಇದ್ದರೆ ತೋಟಕ್ಕೆ ಬಿಸಿಲು ತಲುಪುವುದು ಇನ್ನೂ ತಡ. ಬಿಸಿಲು ಮಂಜನ್ನು ಮುಟ್ಟಿದ ಮೊದಲ ಹತ್ತು ಹದಿನೈದು ನಿಮಿಷ ಮರಗಳ ನಡುವೆ ಕಿರಣ ಕಾಣುತ್ತದೆ. ಆಗ ಸೂರ್ಯನ ಕಡೆಗೇ ಮುಖಮಾಡಿ ನಿಲ್ಲಿ, ಸೂರ್ಯನನ್ನು ಒಂದು ಕಾಂಡದ ಹಿಂದೆ ಮರೆಮಾಡಿ. ಎಡಿಟಿಂಗ್‌ನಲ್ಲಿ ಡಿಹೇಜ್ ಅನ್ನುವ ಪಟ್ಟಿಯನ್ನು ಎಳೆದು ಮಂಜು ಓಡಿಸಬೇಡಿ. ಮಂಜು ಬೇಡದಿದ್ದರೆ ಅಷ್ಟು ಬೇಗ ಏಳಬೇಕಾಗಿರಲಿಲ್ಲ ಅಲ್ವಾ?

ಮಳೆಯಲ್ಲಿ ಕ್ಯಾಮೆರಾ ಒಳಗಿಟ್ಟರೆ ವರ್ಷದ ಮೂರನೇ ಒಂದು ಭಾಗ ಹೋಯಿತು. ಕೊಡೆ ಹಿಡಿಯಲು ಒಬ್ಬರಿದ್ದರೆ ಸಾಕು. ಇಲ್ಲದಿದ್ದರೆ ಹೋಟೆಲಿನ ಶವರ್ ಕ್ಯಾಪ್ ಕ್ಯಾಮೆರಾಗೆ ಚೆನ್ನಾಗಿ ಹೊಂದುತ್ತದೆ. ಮಳೆ ಎಳೆ ಕಾಣಬೇಕಾದರೆ ಹಿಂದೆ ಕಪ್ಪು ಹಿನ್ನೆಲೆ ಇರಬೇಕು. ಬಿಳಿ ಆಕಾಶದ ಎದುರು ಎಷ್ಟು ಜೋರು ಮಳೆಯೂ ಕಾಣುವುದಿಲ್ಲ. ಶಟರ್ 1/60ರಿಂದ 1/125. ವರಾಂಡದ ಹಂಚಿನಿಂದ ಬೀಳುವ ನೀರಿನ ಸಾಲು, ಅದರಾಚೆ ಗೊರಗ ಹೊದ್ದೋ ಪ್ಲಾಸ್ಟಿಕ್ ಹೊದ್ದೋ ನಾಟಿ ಮಾಡುವವರು. ಮನೆಯಿಂದ ಇಳಿಯದೆಯೂ ಚಿತ್ರ ಇದೆ.

ಜಲಪಾತಕ್ಕೆ ಬಂದರೆ ರೇಷ್ಮೆಯಂಥ ನೀರು ಎಲ್ಲರಿಗೂ ಬೇಕು. ಟ್ರೈಪಾಡ್, ಶಟರ್ 1/4ರಿಂದ 1 ಸೆಕೆಂಡ್, ಐಎಸ್‌ಒ 100, ಎಫ್/11. ಬೆಳಕು ಹೆಚ್ಚಾಯಿತು ಅನಿಸಿದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್. ನನ್ನ ಕೇಳಿದರೆ ಅದಕ್ಕೂ ಮೊದಲು ಪೋಲರೈಸರ್ ಅನ್ನುವ ಫಿಲ್ಟರ್ ಕೊಳ್ಳಿ. ಒದ್ದೆ ಎಲೆ ಮತ್ತು ಬಂಡೆಯ ಮೇಲಿನ ಬಿಳಿ ಹೊಳಪನ್ನು ಅದು ಕಳೆಯುತ್ತದೆ, ಒಳಗಿನ ಹಸಿರು ಬರುತ್ತದೆ. ಆ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲು ಆಗುವುದಿಲ್ಲ. ಜೊತೆಗೆ ಒಂದು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕನ್ನೂ ತಿನ್ನುತ್ತದೆ, ಶಟರ್ ನಿಧಾನ ಮಾಡಲು ಅದೂ ಅನುಕೂಲವೇ. ತೂಗುಸೇತುವೆ ಮೇಲೆ ಟ್ರೈಪಾಡ್ ನಿಲ್ಲಿಸಿ ಪ್ರಯೋಜನವಿಲ್ಲ, ಯಾರೋ ನಡೆದರೆ ಎಲ್ಲ ಅಲುಗುತ್ತದೆ. ಮಳೆಗಾಲದಲ್ಲಿ ಇರ್ಪು, ಮಲ್ಲಳ್ಳಿ, ಚೇಲಾವರದಂಥ ಕಡೆ ಬಂಡೆ ಮೇಲಿನ ಪಾಚಿ ಎಣ್ಣೆಯ ಹಾಗೆ ಜಾರುತ್ತದೆ. ಬೇಲಿ ದಾಟಿ ಹೋಗಿ ತೆಗೆದ ಚಿತ್ರ ಬೇಲಿ ಈಚೆಯದ್ದಕ್ಕಿಂತ ಚೆನ್ನಾಗಿದ್ದದ್ದನ್ನು ನಾನಂತೂ ಕಂಡಿಲ್ಲ. ಜಿಗಣೆಗೆ ಉದ್ದ ಸಾಕ್ಸ್, ಒಂದು ಪೊಟ್ಟಣ ಉಪ್ಪು.

ಹೆಜ್ಜೆ 6: ಜನ, ಹಬ್ಬ, ರಾತ್ರಿ ಬೆಳಕು

ಕೇಳಿ ತೆಗೆಯಿರಿ. ತೋಟದಲ್ಲಿ ಕೆಲಸ ಮಾಡುವವರು ನಿಮ್ಮ ಅಭ್ಯಾಸಕ್ಕೆ ಅಂತ ಬಂದವರಲ್ಲ. ಮೊದಲು ಮಾತು, ಆಮೇಲೆ ಕ್ಯಾಮೆರಾ. ಕೇಳಿದ ಮೇಲೆ ಎಲ್ಲರೂ ನೆಟ್ಟಗೆ ನಿಂತು ಪೋಸ್ ಕೊಡುತ್ತಾರೆ. ಅದನ್ನೂ ತೆಗೆಯಿರಿ. ಐದು ನಿಮಿಷ ಅಲ್ಲೇ ಇದ್ದರೆ ಅವರು ತಮ್ಮ ಕೆಲಸಕ್ಕೆ ಮರಳುತ್ತಾರೆ, ನಿಮಗೆ ಬೇಕಾದ ಚಿತ್ರ ಆಗ ಸಿಗುತ್ತದೆ. ಮುಂದಿನ ಸಲ ಹೋಗುವಾಗ ಪ್ರಿಂಟ್ ಕೊಂಡುಹೋಗಿ ಕೊಡಿ. ಸಂತೆಗೆ 35 ಅಥವಾ 50 ಮಿಮೀ ಸಾಕು. ದೂರದಿಂದ ಟೆಲಿ ಲೆನ್ಸ್‌ನಲ್ಲಿ ಕದ್ದು ತೆಗೆದ ಮುಖಗಳಲ್ಲಿ ಆ ದೂರವೂ ಕಾಣುತ್ತದೆ.

ದೇವರಕಾಡು, ಐನ್‌ಮನೆ, ಹಿರಿಯರ ಗುಡಿಯಾದ ಕೈಮಡಗಳಲ್ಲಿ ಆಯಾ ಊರಿನವರು ಹೇಳಿದ್ದೇ ನಿಯಮ. ಕೆಲವು ದೇವರಕಾಡಿನೊಳಗೆ ಚಪ್ಪಲಿ ಹಾಕಿ ಹೋಗುವ ಹಾಗಿಲ್ಲ, ಕ್ಯಾಮೆರಾ ಮಾತು ಆಮೇಲೆ.

ಪುತ್ತರಿಯ ಕದಿರು ತೆಗೆಯುವ ಹೊತ್ತು ರಾತ್ರಿ. ಗದ್ದೆಯಲ್ಲಿ ದೀಪ, ಟಾರ್ಚು, ಮೇಲೆ ಹುಣ್ಣಿಮೆಯ ಆಸುಪಾಸಿನ ಚಂದ್ರ. ಕೋವಿ ಸದ್ದು ಆದ ಕೂಡಲೇ ಎಲ್ಲ ಬೇಗ ನಡೆದುಹೋಗುತ್ತದೆ. 'ಪೊಲಿ ಪೊಲಿ ದೇವಾ' ಅಂತ ಕೂಗುವಾಗ ಸೆಟ್ಟಿಂಗ್ ಹುಡುಕುತ್ತ ಕೂತರೆ ಆಗಲಿಲ್ಲ. ಮೊದಲೇ ಐಎಸ್‌ಒ 3200, ಎಫ್/2, 1/60ಕ್ಕೆ ಇಟ್ಟು, ದೀಪ ಹಿಡಿದವರ ಎದುರು ಪಕ್ಕದಲ್ಲಿ ನಿಂತಿರಿ. ಫ್ಲಾಶ್ ಬೇಡ. ಅದು ಹೊಡೆದರೆ ದೀಪದ ಬೆಳಕೂ ಹೋಯಿತು, ರಾತ್ರಿಯೂ ಹೋಯಿತು.

ಮಡಿಕೇರಿ ದಸರಾದ ದಶಮಂಟಪಗಳದ್ದು, ಅಂದರೆ ಮೆರವಣಿಗೆಯಲ್ಲಿ ಬರುವ ಹತ್ತು ಅಲಂಕೃತ ಮಂಟಪಗಳದ್ದು, ಬೇರೆಯೇ ಕಷ್ಟ. ವಿಜಯದಶಮಿ ರಾತ್ರಿ ಪೂರ್ತಿ ಬಣ್ಣದ ಎಲ್ಇಡಿ, ಹೊಗೆ, ಅಲುಗಾಡುವ ದೊಡ್ಡ ಮೂರ್ತಿಗಳು. ಫೋಟೊದಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಕರೆಂಟು 50 ಹರ್ಟ್ಜ್. ಅದಕ್ಕೆ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಸಾಮಾನ್ಯವಾಗಿ ಪಟ್ಟೆ ಹೋಗುತ್ತದೆ. ಮಂಟಪ ತುಂಬ ಹೊಳೆಯುವುದರಿಂದ ಮೈನಸ್ 1. ಜೊತೆಗೆ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ಅಪ್ಪನ ಹೆಗಲ ಮೇಲೆ ಕೂತ ಮಕ್ಕಳ ಮುಖದ ಮೇಲೂ ಅದೇ ಬಣ್ಣ ಬಿದ್ದಿರುತ್ತದೆ.

ಪ್ರಾಣಿ ಪಕ್ಷಿಗಳ ಬಗ್ಗೆ ಚಿಕ್ಕದಾಗಿ. ಆನೆ ತೋಟಕ್ಕೆ ಬಂದಿದೆ ಅಂದರೆ ಕ್ಯಾಮೆರಾ ಎತ್ತಿಕೊಂಡು ಓಡುವುದು ಧೈರ್ಯವಲ್ಲ. ಕಲಿಯಲು ಮನೆ ಅಂಗಳದ ಪಿಕಳಾರ, ಮಡಿವಾಳ ಹಕ್ಕಿ ಸಾಕು. ಕಣ್ಣಿಗೆ ಫೋಕಸ್, ಶಟರ್ 1/1000ಕ್ಕಿಂತ ಮೇಲೆ, ಹಕ್ಕಿಯ ಎತ್ತರಕ್ಕೆ ನೀವೂ ಇಳಿಯಿರಿ. ಗೂಡಿನ ಹತ್ತಿರ ಹೋಗಬೇಡಿ, ಕೊಂಬೆ ಕಡಿದು ದಾರಿ ಮಾಡಬೇಡಿ, ಫೋನಿನಲ್ಲಿ ಕೂಗು ಹಾಕಿ ಕರೆಯಬೇಡಿ.

ಹೆಜ್ಜೆ 7: ಆರಿಸುವುದು, ತಿದ್ದುವುದು, ಬೈಸಿಕೊಳ್ಳುವುದು

ತೆಗೆಯುವುದು ಅರ್ಧ ಕೆಲಸ. ಸುಧಾರಿಸುವುದು ಕೂತು ನೋಡುವಾಗ.

ತೆಗೆದ ದಿನವೇ ಆರಿಸಬೇಡಿ. ಆ ದಿನ ಚಳಿ, ನಡಿಗೆ, ಖುಷಿ ಎಲ್ಲ ಚಿತ್ರಕ್ಕೆ ಅಂಟಿಕೊಂಡಿರುತ್ತದೆ. ಒಂದು ವಾರ ಬಿಟ್ಟು ನೋಡಿದರೆ ಚಿತ್ರದಲ್ಲಿ ಇರುವುದಷ್ಟೇ ಕಾಣುತ್ತದೆ. ವಾರದ ಚಿತ್ರಗಳಲ್ಲಿ ಐದನ್ನು ಮಾತ್ರ ಉಳಿಸಿ. ಪ್ರತಿಯೊಂದಕ್ಕೂ ಒಂದು ಸಾಲು ಬರೆಯಿರಿ: ಇದನ್ನು ಯಾಕೆ ಇಟ್ಟೆ? 'ಚೆನ್ನಾಗಿದೆ' ಅನ್ನುವುದು ಉತ್ತರವಲ್ಲ. 'ಬೆಳಕು ಎಡದಿಂದ ಬಂದು ಕೈ ನರಗಳು ಎದ್ದು ಕಾಣುತ್ತಿವೆ' ಅನ್ನುವುದು ಉತ್ತರ. ಬರೆಯಲು ಮಾತು ಸಿಗದಿದ್ದರೆ ಚಿತ್ರ ಹೊರಗೆ.

ತಿದ್ದಲು ಫೋನಿನಲ್ಲಿ ಸ್ನ್ಯಾಪ್‌ಸೀಡ್, ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್, ಎರಡೂ ಉಚಿತ. ಮೊದಲು ಗೆರೆ ನೇರ ಮಾಡಿ, ಆಮೇಲೆ ಕ್ರಾಪ್, ಆಮೇಲೆ ಬೆಳಕು, ಕೊನೆಗೆ ಬಣ್ಣ. ಮರದಡಿ ತೆಗೆದ ಮುಖಗಳಿಗೆ ಎಲೆಯ ಹಸಿರು ಹತ್ತಿರುತ್ತದೆ. ಟಿಂಟ್ ಪಟ್ಟಿಯನ್ನು ಮೆಜೆಂಟಾ ಕಡೆಗೆ ಸ್ವಲ್ಪ ಸರಿಸಿದರೆ ಚರ್ಮದ ಬಣ್ಣ ಮರಳುತ್ತದೆ. ಹಸಿರನ್ನು ಮಾತ್ರ ಏರಿಸಬೇಡಿ. ಕೊಡಗಿನ ಹಸಿರು ಮೊದಲೇ ಜಾಸ್ತಿ, ಅದರ ಮೇಲೆ ಸ್ಯಾಚುರೇಷನ್ ಎಳೆದರೆ ಹೋಂಸ್ಟೇ ಜಾಹೀರಾತು ಆಗುತ್ತದೆ. ನಾನಾದರೆ ಸ್ವಲ್ಪ ಇಳಿಸುತ್ತೇನೆ.

ಇನ್ನು ಬೇರೆಯವರ ಕಣ್ಣು. ನಾಲ್ಕೈದು ಮಂದಿಯ ಗುಂಪು ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ. ಎರಡು ಕಟ್ಟಳೆ ಇರಲಿ. ಚಿತ್ರ ಎಲ್ಲಿ ತೆಗೆದದ್ದು ಅಂತ ಹೇಳಬಾರದು, ಹೇಗೆ ಕಷ್ಟಪಟ್ಟೆ ಅಂತಲೂ ಹೇಳಬಾರದು. ತಡಿಯಂಡಮೋಳ್ ಬೆಟ್ಟದ ತುದಿಯ 1,748 ಮೀಟರ್ ಎತ್ತರಕ್ಕೆ ಹತ್ತಿದ ಸುಸ್ತು ಚಿತ್ರದೊಳಗೆ ಇಲ್ಲದಿದ್ದರೆ ಅದಕ್ಕೆ ಅಂಕ ಇಲ್ಲ. ಎರಡನೆಯದು, 'ಸೂಪರ್' ನಿಷೇಧ. ಬದಲಿಗೆ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು, ಏನನ್ನು ತೆಗೆದರೆ ಚಿತ್ರ ಉಳಿಯುತ್ತದೆ ಅಂತ ಹೇಳಲಿ. ತೆಗೆದವರು ಸುಮ್ಮನೆ ಕೇಳಿಸಿಕೊಳ್ಳಬೇಕು. ಸಮರ್ಥನೆ ಶುರುವಾದರೆ ಕಲಿಕೆ ನಿಲ್ಲುತ್ತದೆ, ಮಾತೂ ಹಬ್ಬುತ್ತದೆ. ಕೊಡಗಿನಲ್ಲಿ ಕಾಫಿ ಸಿಗುವ ಮನೆಯಲ್ಲಿ ಮಾತು ಹಬ್ಬಿದರೆ ಸಂಜೆ ತನಕ ಹೋಗುತ್ತದೆ.

ಸ್ವಲ್ಪ ಗಟ್ಟಿಯಾದ ಮೇಲೆ ಸಲೋನ್ ಅನ್ನುವ ಫೋಟೊ ಪ್ರದರ್ಶನ ಸ್ಪರ್ಧೆಗಳಿಗೆ ಕಳಿಸಿ ನೋಡಬಹುದು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಹವ್ಯಾಸಿಗಳ ನಡುವೆ ಕೆಲಸ ಮಾಡುತ್ತಿದೆ. ಸ್ಪರ್ಧೆಯ ನೇಚರ್ ವಿಭಾಗದಲ್ಲಿ ಏನನ್ನೂ ಸೇರಿಸುವ, ಅಳಿಸುವ ಹಾಗಿಲ್ಲ ಅನ್ನುವ ನಿಯಮ ಓದಿಕೊಂಡು ಕಳಿಸಿ. ಬಹುಮಾನಕ್ಕಿಂತ ಗೆದ್ದ ಚಿತ್ರಗಳನ್ನು ನಿಮ್ಮದರ ಪಕ್ಕ ಇಟ್ಟು ನೋಡುವುದು ಲಾಭ. ಆದರೆ ಅದನ್ನೇ ನಕಲು ಮಾಡಲು ಹೋಗಬೇಡಿ, ಸಲೋನ್ ಚಿತ್ರಗಳಿಗೆ ತಮ್ಮದೇ ಒಂದು ಅಚ್ಚು ಇದೆ.

ವರ್ಷಕ್ಕೊಮ್ಮೆ ಹನ್ನೆರಡು ಚಿತ್ರ ಪ್ರಿಂಟ್ ಹಾಕಿಸಿ. 8 ಇಂಚು 12 ಇಂಚಿನ ಒಳ್ಳೆಯ ಪ್ರಿಂಟಿಗೆ 2400 ಗುಣಿಸು 3600 ಪಿಕ್ಸೆಲ್ ಬೇಕು, ಈಗಿನ ಯಾವ ಫೋನಿಗೂ ಅದು ದೊಡ್ಡದಲ್ಲ. ಸ್ಟುಡಿಯೋಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಫೈಲು ಕುಗ್ಗಿಹೋಗುತ್ತದೆ. ಪ್ರಿಂಟುಗಳನ್ನು ಕಾಫಿ ಬೀಜ ಆರಿಸುವವರ ಹಾಗೆ ನೆಲದ ಮೇಲೆ ಹರವಿ, ಕಪ್ಪು ಬೀಜ ಯಾವುದು ಅಂತ ಹುಡುಕಿ. ಮೂಲ ಫೈಲುಗಳ ಎರಡು ಪ್ರತಿ ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿರಲಿ. ಸಿಡಿಲಿನ ಕಾಲದಲ್ಲಿ ಎರಡನ್ನೂ ಪ್ಲಗ್‌ನಿಂದ ಕಳಚಿಡಿ.

ಹೊಸ ಲೆನ್ಸ್ ಬೇಕೆನಿಸುವುದು ಸಾಮಾನ್ಯವಾಗಿ ಈ ಹೊತ್ತಿಗೆ. ಕೊಳ್ಳುವ ಮೊದಲು ಆ ಹನ್ನೆರಡು ಚಿತ್ರಗಳ ಫೈಲ್ ವಿವರ ತೆರೆದು, ಯಾವುದನ್ನು ಎಷ್ಟು ಮಿಮೀಯಲ್ಲಿ ತೆಗೆದದ್ದು ಅಂತ ಪಟ್ಟಿ ಮಾಡಿ. ಹೆಚ್ಚಿನವು 35ರ ಆಸುಪಾಸಿನಲ್ಲಿದ್ದರೆ ನೀವು ಹತ್ತಿರ ಹೋಗಿ ಜನರನ್ನು, ಕೆಲಸವನ್ನು ತೆಗೆಯುವವರು. 600 ಮಿಮೀ ಲೆನ್ಸಿನ ದುಡ್ಡು ಉಳಿಯಿತು. ಎಲ್ಲವೂ ಜೂಮಿನ ತುದಿಗೇ ಅಂಟಿಕೊಂಡಿದ್ದು, ಆದರೂ ಚಿತ್ರವನ್ನು ಅರ್ಧಕ್ಕರ್ಧ ಕ್ರಾಪ್ ಮಾಡಿದ್ದರೆ ಉದ್ದ ಲೆನ್ಸ್ ನೋಡಬಹುದು. ಎರಡೂ ಅಲ್ಲದಿದ್ದರೆ ಇನ್ನೊಂದು ವರ್ಷ ಇದ್ದದ್ದರಲ್ಲೇ ನಡೆಸಿ, ಆ ದುಡ್ಡಿನಲ್ಲಿ ಪೋಲರೈಸರ್ ಮತ್ತು ಗಟ್ಟಿಯಾದ ಟ್ರೈಪಾಡ್ ಬರುತ್ತದೆ.